ಹೊಳೆಯುವ ಕೋಶ ಸತ್ತಿದೆಯಾ? ಅಪೊಪ್ಟೋಸಿಸ್ ಹಿಡಿಯುವ ಬಣ್ಣಗಳ ಕಥೆ

ಬೆಂಗಳೂರಿನ ಕಾಲೇಜುಗಳಲ್ಲಿ ಬಯೋಟೆಕ್ನಾಲಜಿ, ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಓದುವವರ ಕೊನೆಯ ಸೆಮಿಸ್ಟರ್ ಪ್ರಾಜೆಕ್ಟ್‌ಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಬರುತ್ತದೆ. ಯಾವುದೋ ಗಿಡದ ಸಾರ ತೆಗೆಯುವುದು, ಅದನ್ನು ಕ್ಯಾನ್ಸರ್ ಕೋಶಗಳಿಗೆ ಹಾಕುವುದು, ಕೋಶ ಸಾಯುತ್ತಾ ಅಂತ ನೋಡುವುದು. ಬೇವು, ಅಮೃತಬಳ್ಳಿ, ಅರಿಶಿನ, ನುಗ್ಗೆಸೊಪ್ಪು, ಹೀಗೆ. ವರದಿಯ ಕೊನೆಗೆ ಹಸಿರು, ಕೆಂಪು ಬಣ್ಣದಲ್ಲಿ ಹೊಳೆಯುವ ಕೋಶಗಳ ಫೋಟೊ ಇರುತ್ತದೆ. ಅದರ ಕೆಳಗೆ ‘ಅಪೊಪ್ಟೋಸಿಸ್ ಆಗಿದೆ’ ಅನ್ನುವ ಸಾಲು.

ಆ ಫೋಟೊ ನೋಡಿ ಆ ಸಾಲು ಬರೆಯಬಹುದಾ? ಕೆಲವೊಮ್ಮೆ ಬರೆಯಬಹುದು. ಎಷ್ಟೋ ಸಲ ಬರೆಯುವಂತಿಲ್ಲ. ಯಾಕೆಂದರೆ ಯಾವ ಬಣ್ಣವೂ ಸಾವನ್ನೇ ತೋರಿಸುವುದಿಲ್ಲ. ಸಾಯುವ ದಾರಿಯಲ್ಲಿ ಬರುವ ಯಾವುದೋ ಒಂದು ಹಂತವನ್ನು ತೋರಿಸುತ್ತದೆ, ಅಷ್ಟೆ. ನಾವು ಬಳಸಿದ ಬಣ್ಣ ಯಾವ ಹಂತವನ್ನು ಹಿಡಿಯುತ್ತದೆ ಅಂತ ಗೊತ್ತಿದ್ದರೆ ಫೋಟೊ ಮಾತಾಡುತ್ತದೆ. ಗೊತ್ತಿಲ್ಲದಿದ್ದರೆ ಅದು ಬರೀ ಚಂದದ ಚಿತ್ರ.

ಮೊದಲು ಅಪೊಪ್ಟೋಸಿಸ್ ಏನು ಅಂತ ನೋಡೋಣ. ಮಲ್ಲೇಶ್ವರ, ಬಸವನಗುಡಿ ಕಡೆ ಹಳೇ ಮನೆ ಬಿಚ್ಚುವುದನ್ನು ನೀವು ನೋಡಿರಬಹುದು. ಮೊದಲು ಕರೆಂಟ್, ನೀರಿನ ಸಂಪರ್ಕ ತೆಗೆಯುತ್ತಾರೆ. ಆಮೇಲೆ ಬಾಗಿಲು, ಕಿಟಕಿ, ಹೆಂಚು, ತೊಲೆ ಒಂದೊಂದಾಗಿ ಇಳಿಸಿ ಲಾರಿಗೆ ತುಂಬುತ್ತಾರೆ. ಪಕ್ಕದ ಮನೆಗೆ ಏನೂ ಆಗುವುದಿಲ್ಲ. ಅದೇ ಮನೆ ಮಳೆಗೆ ಒಮ್ಮೆಲೇ ಕುಸಿದರೆ ಕಲ್ಲು, ಮಣ್ಣು ಎಲ್ಲಾ ಪಕ್ಕದವರ ಮೇಲೆ ಬೀಳುತ್ತದೆ. ಅಪೊಪ್ಟೋಸಿಸ್ ಅಂದರೆ ಬಿಚ್ಚುವ ಕೆಲಸ. ನೆಕ್ರೋಸಿಸ್ ಅಂದರೆ ಕುಸಿತ. ಅಪೊಪ್ಟೋಸಿಸ್‌ನಲ್ಲಿ ಕೋಶ ಕುಗ್ಗುತ್ತದೆ, ಅದರ ಡಿಎನ್ಎ ಗಟ್ಟಿಯಾಗಿ ಮುದ್ದೆಗಟ್ಟಿ ಚೂರಾಗುತ್ತದೆ, ಪೊರೆಯ ಮೇಲೆ ಗುಳ್ಳೆಗಳು ಏಳುತ್ತವೆ, ಕೊನೆಗೆ ಕೋಶ ಸಣ್ಣ ಸಣ್ಣ ಪೊಟ್ಟಣಗಳಾಗಿ ಒಡೆಯುತ್ತದೆ. ಪೊಟ್ಟಣಗಳನ್ನು ಮ್ಯಾಕ್ರೋಫೇಜ್ ಅನ್ನುವ ಕೋಶಗಳು ನುಂಗಿಬಿಡುತ್ತವೆ. ಉರಿಯೂತ ಆಗುವುದಿಲ್ಲ.

ಜಾನ್ ಕೆರ್, ಆಂಡ್ರ್ಯೂ ವೈಲಿ, ಅಲೆಸ್ಟರ್ ಕರಿ ಈ ಮೂವರು 1972ರಲ್ಲಿ ಇದಕ್ಕೆ ಅಪೊಪ್ಟೋಸಿಸ್ ಅಂತ ಹೆಸರಿಟ್ಟರು. ಅವರು ನಂಬಿದ್ದು ಮೈಕ್ರೋಸ್ಕೋಪ್‌ನಲ್ಲಿ ಕಂಡ ಆಕಾರವನ್ನು. ಈ ಸಾವು ಜೀನ್‌ಗಳಲ್ಲೇ ಬರೆದಿಟ್ಟ ಕಾರ್ಯಕ್ರಮ ಅಂತ ಗಟ್ಟಿಯಾಗಿದ್ದು ಒಂದು ಮಿಲಿಮೀಟರ್ ಉದ್ದದ ಸಿ. ಎಲಿಗನ್ಸ್ ಅನ್ನುವ ಹುಳದಿಂದ. ಆ ಹುಳ ಬೆಳೆಯುವಾಗ ಅದರ ದೇಹದಲ್ಲಿ 1,090 ಕೋಶಗಳು ಹುಟ್ಟುತ್ತವೆ. ಅದರಲ್ಲಿ 131 ಕೋಶಗಳು ಸಾಯುತ್ತವೆ. ಪ್ರತಿ ಹುಳದಲ್ಲೂ ಅದೇ 131. ಈ ಕೆಲಸಕ್ಕೆ ಸಿಡ್ನಿ ಬ್ರೆನ್ನರ್, ರಾಬರ್ಟ್ ಹಾರ್ವಿಟ್ಜ್, ಜಾನ್ ಸಲ್ಸ್ಟನ್ ಅವರಿಗೆ 2002ರ ನೊಬೆಲ್ ಬಂತು. ನಮ್ಮ ದೇಹದಲ್ಲೂ ಇದೇ ಕೆಲಸ ಹಗಲು ರಾತ್ರಿ ನಡೆಯುತ್ತಿದೆ. ಹೊಟ್ಟೆಯೊಳಗಿನ ಮಗುವಿನ ಬೆರಳುಗಳ ನಡುವಿನ ಚರ್ಮ ಕರಗಿ ಬೆರಳು ಬಿಡಿಯಾಗುವುದು ಈ ಸಾವಿನಿಂದಲೇ. ಕ್ಯಾನ್ಸರ್ ಕೋಶದ ಮುಖ್ಯ ತೊಂದರೆಗಳಲ್ಲಿ ಒಂದು, ಅದು ಸಾಯಬೇಕಾದಾಗ ಸಾಯುವುದಿಲ್ಲ. ಹಾಗಾಗಿಯೇ ಔಷಧಿ ಹುಡುಕುವವರಿಗೆ ಈ ಸಾವಿನ ಮೇಲೆ ಇಷ್ಟು ಆಸೆ.

ಇನ್ನು ಬಣ್ಣ. ಫ್ಲೋರೊಸೆಂಟ್ ಬಣ್ಣದ ಅಣು ಒಂದು ಬೆಳಕನ್ನು ಹೀರಿ ಇನ್ನೊಂದನ್ನು ಬಿಡುತ್ತದೆ. ಹೀರಿದ ಶಕ್ತಿಯಲ್ಲಿ ಸ್ವಲ್ಪ ಶಾಖವಾಗಿ ಹೋಗುತ್ತದೆ. ಹಾಗಾಗಿ ಬಿಡುವ ಬೆಳಕಿಗೆ ಶಕ್ತಿ ಕಡಿಮೆ, ತರಂಗದ ಉದ್ದ ಜಾಸ್ತಿ. ನೀಲಿ ಬೆಳಕು ಕೊಟ್ಟರೆ ಹಸಿರು ಬರುತ್ತದೆ. ಫಿಲ್ಟರ್ ಇಟ್ಟು ನೀಲಿಯನ್ನು ತಡೆದರೆ ಕತ್ತಲೆಯಲ್ಲಿ ಹಸಿರು ಮಾತ್ರ ಉಳಿಯುತ್ತದೆ. ಹೀಗೆ ಹಿನ್ನೆಲೆ ಕಪ್ಪಾಗಿರುವುದರಿಂದಲೇ ತುಂಬಾ ಕಡಿಮೆ ಬಣ್ಣ ಇದ್ದರೂ ಕಣ್ಣಿಗೆ ಬೀಳುತ್ತದೆ.

ಈಗ ಎಲ್ಲಕ್ಕಿಂತ ಜಾಸ್ತಿ ಬಳಕೆಯಲ್ಲಿರುವ ವಿಧಾನಕ್ಕೆ ಬರೋಣ. ಅದರ ಹೆಸರು ಅನೆಕ್ಸಿನ್-5. ಇದಕ್ಕೆ ಸ್ವಲ್ಪ ಸಮಯ ಕೊಡುತ್ತೇನೆ, ಯಾಕೆಂದರೆ ಇದರ ಹಿಂದಿರುವ ಜೀವಶಾಸ್ತ್ರ ತುಂಬಾ ಸೊಗಸಾಗಿದೆ.

ಕೋಶದ ಪೊರೆಗೆ ಎರಡು ಪದರ ಇದೆ. ಹೊರಗೊಂದು, ಒಳಗೊಂದು. ಎರಡರಲ್ಲೂ ಕೊಬ್ಬಿನ ಅಣುಗಳೇ ಇದ್ದರೂ ಹಂಚಿಕೆ ಒಂದೇ ಥರ ಇಲ್ಲ. ಫಾಸ್ಫಾಟಿಡೈಲ್‌ಸೆರೀನ್ ಅನ್ನುವ ಕೊಬ್ಬು, ಲ್ಯಾಬ್‌ನಲ್ಲಿ ಎಲ್ಲರೂ ಪಿಎಸ್ ಅನ್ನುತ್ತಾರೆ, ಆರೋಗ್ಯವಾಗಿರುವ ಕೋಶದಲ್ಲಿ ಒಳಪದರದಲ್ಲೇ ಇರುತ್ತದೆ. ತಾನಾಗಿ ಇರುವುದಲ್ಲ, ಕೋಶ ಅದನ್ನು ಹಾಗೆ ಇಟ್ಟುಕೊಳ್ಳುತ್ತದೆ. ಹೊರಗೆ ಜಾರಿದ ಪಿಎಸ್ ಅನ್ನು ಮತ್ತೆ ಒಳಗೆ ತಿರುಗಿಸುವ ಫ್ಲಿಪ್ಪೇಸ್ ಅನ್ನುವ ಪ್ರೋಟೀನ್‌ಗಳು ಕೋಶದ ಇಂಧನವಾದ ಎಟಿಪಿ ಖರ್ಚು ಮಾಡಿ ಸದಾ ದುಡಿಯುತ್ತಿರುತ್ತವೆ. ಅಪೊಪ್ಟೋಸಿಸ್ ಶುರುವಾದಾಗ ಕ್ಯಾಸ್ಪೇಸ್ ಅನ್ನುವ ಕತ್ತರಿಸುವ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಅವು ಫ್ಲಿಪ್ಪೇಸ್ ಅನ್ನು ಕತ್ತರಿಸಿ ನಿಲ್ಲಿಸುತ್ತವೆ. ಜೊತೆಗೆ ಎರಡೂ ಪದರಗಳ ಕೊಬ್ಬನ್ನು ಕಲಸಿಹಾಕುವ ಸ್ಕ್ರಾಂಬ್ಲೇಸ್ ಅನ್ನುವ ಪ್ರೋಟೀನನ್ನು ಕತ್ತರಿಸಿ ಚಾಲೂ ಮಾಡುತ್ತವೆ. ಒಂದೇ ಕತ್ತರಿ, ಒಂದು ಕಡೆ ನಿಲ್ಲಿಸುತ್ತದೆ, ಇನ್ನೊಂದು ಕಡೆ ಶುರು ಮಾಡುತ್ತದೆ! ಇದನ್ನು ಬಿಡಿಸಿ ತೋರಿಸಿದ್ದು ಜಪಾನಿನ ಶಿಗೆಕಾಜು ನಗಾಟ ಅವರ ತಂಡ. ಪಿಎಸ್ ಹೊರಗೆ ಬಂದದ್ದನ್ನು ಗುರುತು ಹಿಡಿದೇ ಮ್ಯಾಕ್ರೋಫೇಜ್ ಆ ಕೋಶವನ್ನು ನುಂಗುತ್ತದೆ.

ಅನೆಕ್ಸಿನ್-5 ಒಂದು ಸಣ್ಣ ಪ್ರೋಟೀನ್. ಕ್ಯಾಲ್ಸಿಯಂ ಇದ್ದರೆ ಅದು ಪಿಎಸ್‌ಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದಕ್ಕೆ ಹಸಿರು ಬಣ್ಣದ ಎಫ್ಐಟಿಸಿ ಕೂಡಿಸಿಟ್ಟರೆ, ಪಿಎಸ್ ಹೊರಗೆ ಬಂದ ಕೋಶ ಹಸಿರಾಗಿ ಹೊಳೆಯುತ್ತದೆ. 1990ರ ದಶಕದ ಮಧ್ಯದಲ್ಲಿ ಶುರುವಾದ ಈ ವಿಧಾನ ಇವತ್ತು ಕಿಟ್ ರೂಪದಲ್ಲಿ ಎಲ್ಲೆಡೆ ಸಿಗುತ್ತದೆ.

ಆದರೆ ಇಲ್ಲೊಂದು ತೊಡಕಿದೆ. ಪೊರೆ ಹರಿದುಹೋದ ಕೋಶದಲ್ಲಿ ಅನೆಕ್ಸಿನ್ ಒಳಗೇ ನುಗ್ಗಿ, ಒಳಪದರದ ಪಿಎಸ್‌ಗೆ ಅಂಟಿಕೊಳ್ಳುತ್ತದೆ. ಆಗಲೂ ಹಸಿರೇ. ಬಿಚ್ಚುತ್ತಿರುವ ಮನೆ ಯಾವುದು, ಕುಸಿದ ಮನೆ ಯಾವುದು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಎರಡನೇ ಬಣ್ಣ ಬೇಕು. ಪ್ರೊಪಿಡಿಯಂ ಅಯೊಡೈಡ್, ಅಂದರೆ ಪಿಐ. ಇದು ಡಿಎನ್ಎಗೆ ಅಂಟಿದಾಗ ಕೆಂಪಾಗಿ ಹೊಳೆಯುತ್ತದೆ. ಪೊರೆ ಗಟ್ಟಿಯಿದ್ದರೆ ಪಿಐ ಒಳಗೆ ಹೋಗಲಾರದು. ಪೊರೆ ತೂತಾದ ಕೋಶ ಮಾತ್ರ ಕೆಂಪಾಗುತ್ತದೆ.

ಎರಡನ್ನೂ ಸೇರಿಸಿ ಓದಿದರೆ ಚಿತ್ರ ತಿಳಿಯಾಗುತ್ತದೆ. ಹಸಿರೂ ಇಲ್ಲ, ಕೆಂಪೂ ಇಲ್ಲ ಅಂದರೆ ಕೋಶ ಬದುಕಿದೆ. ಹಸಿರು ಇದೆ, ಕೆಂಪು ಇಲ್ಲ ಅಂದರೆ ಪಿಎಸ್ ಹೊರಗೆ ಬಂದಿದೆ, ಪೊರೆ ಇನ್ನೂ ಗಟ್ಟಿಯಿದೆ. ಇದು ಅಪೊಪ್ಟೋಸಿಸ್‌ನ ಆರಂಭದ ಹಂತ, ನಮಗೆ ಬೇಕಾದ ಗುಂಪು ಇದೇ. ಎರಡೂ ಇದ್ದರೆ ಕೋಶ ಸತ್ತಿದೆ, ಆದರೆ ಹೇಗೆ ಸತ್ತಿತು ಅಂತ ಹೇಳಲಾಗದು. ಅಪೊಪ್ಟೋಸಿಸ್ ಮುಗಿಸಿ ಆಮೇಲೆ ಪೊರೆ ಹರಿದಿರಬಹುದು. ನೇರವಾಗಿ ನೆಕ್ರೋಸಿಸ್ ಆಗಿರಬಹುದು.

ಈ ಕೊನೆಯ ಗುಂಪೇ ವರದಿಗಳಲ್ಲಿ ಜಾಸ್ತಿ ಗೊಂದಲ ಮಾಡುವುದು. ದೇಹದೊಳಗೆ ಸಾಯುವ ಕೋಶವನ್ನು ಮ್ಯಾಕ್ರೋಫೇಜ್ ಬೇಗ ನುಂಗುತ್ತದೆ, ಪೊರೆ ಹರಿಯುವಷ್ಟು ಕಾಲ ಅದು ಉಳಿಯುವುದೇ ಅಪರೂಪ. ಪ್ಲಾಸ್ಟಿಕ್ ಡಿಶ್‌ನಲ್ಲಿ ನುಂಗುವವರು ಯಾರೂ ಇಲ್ಲ. ಹಾಗಾಗಿ ಶಿಸ್ತಾಗಿ ಅಪೊಪ್ಟೋಸಿಸ್ ಆದ ಕೋಶವೂ ಕೊನೆಗೆ ಅಲ್ಲೇ ಹರಿದು ಕೆಂಪಾಗುತ್ತದೆ. ಔಷಧಿ ಹಾಕಿ 48 ಗಂಟೆ ಬಿಟ್ಟು ಒಂದೇ ಒಂದು ಸಲ ನೋಡಿದರೆ ಎಲ್ಲವೂ ಎರಡು ಬಣ್ಣದಲ್ಲಿ ಕಾಣಬಹುದು. ಅದನ್ನು ‘ಲೇಟ್ ಅಪೊಪ್ಟೋಸಿಸ್’ ಅಂತ ಬರೆಯುವುದು ಊಹೆ. 6, 12, 24 ಗಂಟೆಗೂ ನೋಡಿ, ಕೋಶಗಳು ಮೊದಲು ಹಸಿರಿಗೆ ಹೋಗಿ ಆಮೇಲೆ ಕೆಂಪಿಗೆ ಸರಿದವು ಅಂತ ತೋರಿಸಿದರೆ ಆ ಮಾತಿಗೆ ಬಲ ಬರುತ್ತದೆ. ಎಷ್ಟು ದುಬಾರಿ ಯಂತ್ರ ಇದ್ದರೂ ಈ ಸಮಯದ ಲೆಕ್ಕಕ್ಕೆ ಬದಲಿ ಇಲ್ಲ ಅನ್ನುವುದು ನನ್ನ ನಂಬಿಕೆ.

ಎಣಿಸುವ ಯಂತ್ರದ ಹೆಸರು ಫ್ಲೋ ಸೈಟೋಮೀಟರ್. ಕೋಶಗಳು ದ್ರವದ ಸಣ್ಣ ಧಾರೆಯಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತವೆ. 488 ನ್ಯಾನೋಮೀಟರ್‌ನ ನೀಲಿ ಲೇಸರ್ ಪ್ರತಿಯೊಂದನ್ನೂ ಹಾಯುತ್ತದೆ. ಹಸಿರೆಷ್ಟು, ಕೆಂಪೆಷ್ಟು ಅಂತ ಯಂತ್ರ ಬರೆದುಕೊಳ್ಳುತ್ತದೆ. ಒಂದು ಸ್ಯಾಂಪಲ್‌ಗೆ 10,000 ಕೋಶ ಎಣಿಸುವುದು ವಾಡಿಕೆ, ಅದಕ್ಕೆ ಒಂದೆರಡು ನಿಮಿಷ ಸಾಕು. ಬೆಂಗಳೂರಿನಲ್ಲಿ ಐಐಎಸ್‌ಸಿಯಲ್ಲಿ, ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿರುವ ಸಂಶೋಧನಾ ಸಂಸ್ಥೆಗಳಾದ ಎನ್‌ಸಿಬಿಎಸ್ ಮತ್ತು ಸಿ-ಕ್ಯಾಂಪ್‌ನಲ್ಲಿ ಈ ಯಂತ್ರಗಳಿವೆ. ಎಲ್ಲ ಕಾಲೇಜಿನಲ್ಲೂ ಇರುವುದಿಲ್ಲ, ಹೊರಗೆ ಸ್ಲಾಟ್ ಬುಕ್ ಮಾಡಿ ಸ್ಯಾಂಪಲ್ ಒಯ್ಯಬೇಕಾಗುತ್ತದೆ. ಹಾಗೆ ಒಯ್ಯುವವರಿಗೆ ಒಂದು ಮಾತು. ಅನೆಕ್ಸಿನ್ ಹಾಕಿದ ಮೇಲೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಓದಿಸಬೇಕು. ಬಣ್ಣ ಹಾಕಿ ಐಸ್ ಬಾಕ್ಸ್ ಹಿಡಿದು ಹೆಬ್ಬಾಳ ಫ್ಲೈಓವರ್ ಮೇಲೆ ನಿಂತರೆ ಆ ಗಂಟೆ ಅಲ್ಲೇ ಮುಗಿಯುತ್ತದೆ, ಅಷ್ಟರಲ್ಲಿ ಕೋಶಗಳೂ ಸೊರಗುತ್ತವೆ. ಆಗುವುದಾದರೆ ಬಣ್ಣವನ್ನು ಯಂತ್ರ ಇರುವಲ್ಲೇ ಹಾಕಿ.

ಕೈಕೆಲಸದಲ್ಲಿ ಇನ್ನೂ ಕೆಲವು ಕಡೆ ಎಡವುತ್ತಾರೆ. ಡಿಶ್‌ಗೆ ಅಂಟಿ ಬೆಳೆಯುವ ಕೋಶಗಳು ಸಾಯುವಾಗ ಬಿಟ್ಟುಕೊಂಡು ಮೇಲೆ ತೇಲುತ್ತವೆ. ಹಳೇ ಮೀಡಿಯಂ, ಅಂದರೆ ಕೋಶಗಳು ಬೆಳೆಯುವ ದ್ರವವನ್ನು ಚೆಲ್ಲಿ, ಅಂಟಿಕೊಂಡವನ್ನು ಮಾತ್ರ ಟ್ರಿಪ್ಸಿನ್ ಅನ್ನುವ ಕಿಣ್ವ ಹಾಕಿ ಬಿಡಿಸಿದರೆ ಸತ್ತವನ್ನೆಲ್ಲ ಸಿಂಕ್‌ಗೆ ಸುರಿದಂತೆ ಆಯಿತು, ಅಲ್ವಾ? ತೇಲುವವನ್ನೂ ಸೇರಿಸಿ ಎಣಿಸಬೇಕು. ಟ್ರಿಪ್ಸಿನ್ ಜೊತೆ ಇರುವ ಇಡಿಟಿಎ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಚೆನ್ನಾಗಿ ತೊಳೆಯದಿದ್ದರೆ ಅನೆಕ್ಸಿನ್ ಅಂಟುವುದಿಲ್ಲ, ಎಲ್ಲ ಕೋಶವೂ ಆರೋಗ್ಯವಾಗಿ ಕಾಣುತ್ತದೆ. ಟ್ರಿಪ್ಸಿನ್ ಜಾಸ್ತಿ ಹೊತ್ತು ಬಿಟ್ಟರೆ ಉಲ್ಟಾ ತೊಂದರೆ, ಪೊರೆಯೇ ಹಾಳಾಗಿ ಬದುಕಿದ್ದ ಕೋಶ ಸತ್ತಂತೆ ಕಾಣುತ್ತದೆ.

ಎಫ್ಐಟಿಸಿಯ ಹಸಿರು ಬೆಳಕಿನ ಬಾಲ ಸ್ವಲ್ಪ ಕೆಂಪು ಡಿಟೆಕ್ಟರ್‌ಗೂ ಸೋರುತ್ತದೆ. ಅದನ್ನು ಕಳೆಯುವ ಲೆಕ್ಕಕ್ಕೆ ಕಾಂಪೆನ್ಸೇಷನ್ ಅನ್ನುತ್ತಾರೆ. ಅದಕ್ಕೆ ಬಣ್ಣವೇ ಹಾಕದ ಟ್ಯೂಬ್, ಹಸಿರು ಮಾತ್ರ ಹಾಕಿದ್ದು, ಕೆಂಪು ಮಾತ್ರ ಹಾಕಿದ್ದು, ಹೀಗೆ ಪ್ರತ್ಯೇಕ ಟ್ಯೂಬ್ ಬೇಕು. ದುಡ್ಡು ಉಳಿಸಲು ಇದನ್ನು ಬಿಟ್ಟವರ ಫಲಿತಾಂಶವನ್ನು ನಾನು ನಂಬುವುದಿಲ್ಲ. ಹಾಗೇ, ಖಂಡಿತ ಅಪೊಪ್ಟೋಸಿಸ್ ತರುವ ಸ್ಟಾರೊಸ್ಪೊರಿನ್ ಅಥವಾ ಕ್ಯಾಂಪ್ಟೊಥೆಸಿನ್ ಹಾಕಿದ ಡಿಶ್ ಒಂದು ಪಕ್ಕದಲ್ಲಿ ಇರಲೇಬೇಕು. ಅದರಲ್ಲೂ ಹಸಿರು ಬರದಿದ್ದರೆ ದೋಷ ಗಿಡದ ಸಾರದ್ದಲ್ಲ, ನಮ್ಮ ಪ್ರಯೋಗದ್ದು.

ಪರೀಕ್ಷಿಸುವ ವಸ್ತುವೇ ಹೊಳೆಯುವ ಸಂದರ್ಭವೂ ಇದೆ. ಡಾಕ್ಸೊರುಬಿಸಿನ್ ಅನ್ನುವ ಕ್ಯಾನ್ಸರ್ ಔಷಧಿ ತಾನೇ ಕೆಂಪಾಗಿ ಹೊಳೆಯುತ್ತದೆ, ಅದೂ ಡಿಎನ್ಎ ಹತ್ತಿರವೇ ಹೋಗಿ ಕೂರುತ್ತದೆ. ಅದರ ಜೊತೆ ಪಿಐ ಹಾಕಿದರೆ ಯಾವ ಕೆಂಪು ಯಾರದ್ದು? ಅರಿಶಿನದ ಕರ್ಕ್ಯುಮಿನ್ ಹಸಿರಾಗಿ ಹೊಳೆಯುತ್ತದೆ. ಎಲೆಯ ಸಾರದಲ್ಲಿ ಉಳಿದ ಕ್ಲೋರೊಫಿಲ್ ಕೆಂಪಾಗಿ ಹೊಳೆಯುತ್ತದೆ. ಗಿಡದ ಸಾರದ ಪ್ರಾಜೆಕ್ಟ್ ಮಾಡುವವರು ‘ಸಾರ ಹಾಕಿದ, ಬಣ್ಣ ಹಾಕದ’ ಟ್ಯೂಬನ್ನು ಮರೆಯಲೇಬಾರದು.

ಫ್ಲೋ ಸೈಟೋಮೀಟರ್ ಸಿಗದ ಕಾಲೇಜುಗಳಲ್ಲಿ ನಡೆಯುವುದು ಅಕ್ರಿಡಿನ್ ಆರೆಂಜ್ ಮತ್ತು ಎಥಿಡಿಯಂ ಬ್ರೊಮೈಡ್ ಜೋಡಿ. ಅಕ್ರಿಡಿನ್ ಆರೆಂಜ್ ಎಲ್ಲ ಕೋಶಗಳೊಳಗೂ ಹೋಗಿ ಡಿಎನ್ಎಯನ್ನು ಹಸಿರು ಮಾಡುತ್ತದೆ. ಎಥಿಡಿಯಂ ಬ್ರೊಮೈಡ್ ಪಿಐ ಥರವೇ, ಪೊರೆ ಹರಿದ ಕೋಶಕ್ಕೆ ಮಾತ್ರ ಹೋಗಿ ಕಿತ್ತಳೆ ಬಣ್ಣ ಕೊಡುತ್ತದೆ. ಇಲ್ಲಿ ಬಣ್ಣದ ಜೊತೆ ಆಕಾರವನ್ನೂ ನೋಡಬೇಕು. ಒಂದೇ ಸಮನಾದ ಹಸಿರು ನ್ಯೂಕ್ಲಿಯಸ್ ಇದ್ದರೆ ಬದುಕಿದ ಕೋಶ. ಮುದ್ದೆಗಟ್ಟಿ, ಚೂರಾಗಿ, ಪ್ರಖರ ಹಸಿರಾಗಿದ್ದರೆ ಆರಂಭದ ಅಪೊಪ್ಟೋಸಿಸ್. ಚೂರಾದ ಕಿತ್ತಳೆ ತಡವಾದ ಹಂತ. ಚೂರಾಗದೆ ಇಡಿಯಾಗಿ ಕಿತ್ತಳೆಯಾಗಿದ್ದರೆ ನೆಕ್ರೋಸಿಸ್. ಖರ್ಚು ಕಡಿಮೆ, ಆಕಾರ ಕಣ್ಣೆದುರೇ ಇರುತ್ತದೆ, ಹಾಗಾಗಿ ಇದನ್ನು ಕೀಳಾಗಿ ನೋಡಬೇಕಿಲ್ಲ. ಆದರೆ ಎಣಿಸುವವರಿಗೆ ಯಾವ ಸ್ಲೈಡ್ ಯಾವುದು ಅಂತ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ಆರಿಸುತ್ತದೆ. ಇನ್ನೊಂದು, ಎಥಿಡಿಯಂ ಬ್ರೊಮೈಡ್ ಡಿಎನ್ಎಯ ನಡುವೆ ತೂರಿ ಕೂರುವ ವಸ್ತು. ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಸಿಂಕ್‌ಗೆ ಸುರಿಯಬೇಡಿ.

ಡಿಎನ್ಎ ಚೂರಾಗುವುದನ್ನೇ ನೇರವಾಗಿ ಹಿಡಿಯುವ ವಿಧಾನಗಳೂ ಇವೆ. ಅಪೊಪ್ಟೋಸಿಸ್‌ನಲ್ಲಿ ಒಂದು ಕಿಣ್ವ ಡಿಎನ್ಎಯನ್ನು ಸರಿಸುಮಾರು 180 ಬೇಸ್ ಜೋಡಿಗಳ ಅಂತರದಲ್ಲಿ ಕತ್ತರಿಸುತ್ತದೆ. ಡಿಎನ್ಎ ಸುತ್ತಿಕೊಂಡಿರುವ ಪ್ರೋಟೀನ್ ಉಂಡೆಗಳ ನಡುವಿನ ಜಾಗ ಮಾತ್ರ ಕತ್ತರಿಗೆ ಸಿಗುವುದರಿಂದ ಅಳತೆ ಹೀಗೆ ಬರುತ್ತದೆ. ಅಗರೋಸ್ ಜೆಲ್‌ನಲ್ಲಿ ಓಡಿಸಿದರೆ ಏಣಿಯ ಮೆಟ್ಟಿಲಿನಂಥ ಪಟ್ಟಿಗಳು ಕಾಣುತ್ತವೆ. ನೋಡಲು ಖುಷಿ, ಆದರೆ ಲಕ್ಷಗಟ್ಟಲೆ ಕೋಶ ಬೇಕು, ಯಾವ ಕೋಶ ಸತ್ತಿತು ಅಂತ ಗೊತ್ತಾಗುವುದಿಲ್ಲ.

1992ರಲ್ಲಿ ಬಂದ ಟ್ಯೂನೆಲ್ ವಿಧಾನ ಆ ಕೊರತೆ ತುಂಬಿತು. ಕತ್ತರಿಸಿದ ಪ್ರತಿ ತುದಿಗೂ ಟಿಡಿಟಿ ಅನ್ನುವ ಕಿಣ್ವ ಬಣ್ಣ ಕಟ್ಟಿದ ನ್ಯೂಕ್ಲಿಯೋಟೈಡ್, ಅಂದರೆ ಡಿಎನ್ಎಯ ಒಂದು ಕೊಂಡಿ, ಸೇರಿಸುತ್ತದೆ. ತುದಿ ಜಾಸ್ತಿ ಇದ್ದಷ್ಟೂ ಹೊಳಪು ಜಾಸ್ತಿ. ಇದರ ದೊಡ್ಡ ಅನುಕೂಲ ಏನೆಂದರೆ, ಆಸ್ಪತ್ರೆಯಲ್ಲಿ ಫಾರ್ಮಾಲಿನ್ ಹಾಕಿ ಮೇಣದಲ್ಲಿ ಕೂಡಿಸಿಟ್ಟ ಗಡ್ಡೆಯ ತುಂಡಿನ ಮೇಲೂ ಮಾಡಬಹುದು. ಅನೆಕ್ಸಿನ್‌ಗೆ ಅದು ಆಗದು, ಅದಕ್ಕೆ ಪೊರೆ ಗಟ್ಟಿಯಿರುವ ಜೀವಂತ ಕೋಶ ಬೇಕು. ಆದರೆ ಟ್ಯೂನೆಲ್‌ಗೆ ತುದಿ ಯಾಕೆ ಹುಟ್ಟಿತು ಅನ್ನುವುದು ಗೊತ್ತಿಲ್ಲ. ನೆಕ್ರೋಸಿಸ್‌ನಲ್ಲಿ ಕೊಳೆತ ಡಿಎನ್ಎಗೂ ತುದಿಗಳಿವೆ.

ಇನ್ನೂ ಮೊದಲಿನ ಹಂತ ನೋಡಬೇಕೆಂದರೆ ಕ್ಯಾಸ್ಪೇಸ್‌ಗಳ ಕಡೆಗೇ ಹೋಗಬೇಕು. ಕ್ಯಾಸ್ಪೇಸ್-3 ಪ್ರೋಟೀನ್‌ಗಳನ್ನು ಎಲ್ಲೆಂದರಲ್ಲಿ ಕತ್ತರಿಸುವುದಿಲ್ಲ. ಆಸ್ಪಾರ್ಟೇಟ್, ಗ್ಲುಟಮೇಟ್, ವ್ಯಾಲೀನ್, ಆಸ್ಪಾರ್ಟೇಟ್ ಈ ನಾಲ್ಕು ಅಮೈನೋ ಆಮ್ಲಗಳ ಸಾಲು ಅದಕ್ಕೆ ಬಹಳ ಇಷ್ಟ. ಆ ಸಾಲಿಗೆ ಬಣ್ಣದ ಅಣುವನ್ನು ಕಟ್ಟಿ, ಕಟ್ಟಿರುವ ತನಕ ಹೊಳೆಯದಂತೆ ಮಾಡುತ್ತಾರೆ. ಕಿಣ್ವ ಕತ್ತರಿಸಿದ ಕ್ಷಣ ಬಣ್ಣ ಬಿಡುಗಡೆಯಾಗಿ ಡಿಎನ್ಎಗೆ ಅಂಟಿ ಹೊಳೆಯುತ್ತದೆ. ಕೋಶವನ್ನು ಕೊಲ್ಲದೆ, ತೊಳೆಯದೆ, ಗಂಟೆಗಟ್ಟಲೆ ವೀಡಿಯೊ ತೆಗೆಯಬಹುದು. ಹೊಳೆಯುವ ಪ್ರೋಟೀನ್‌ಗಳನ್ನು ಬಳಸಿ ಕೋಶದೊಳಗೇ ಇಂಥ ಸೆನ್ಸರ್ ಕಟ್ಟುವವರೂ ಇದ್ದಾರೆ. ಅದಕ್ಕೆ ಮೂಲ ಒಂದು ಜೆಲ್ಲಿ ಮೀನಿನ ಹಸಿರು ಪ್ರೋಟೀನ್, ಜಿಎಫ್‌ಪಿ. ಅದನ್ನು ಕಂಡುಹಿಡಿದು ಬೆಳೆಸಿದ ಶಿಮೊಮುರ, ಚಾಲ್ಫಿ, ತ್ಸಿಯೆನ್ ಅವರಿಗೆ 2008ರ ರಸಾಯನಶಾಸ್ತ್ರ ನೊಬೆಲ್ ಬಂತು.

ಕೋಶಕ್ಕೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ನೋಡಲು ಜೆಸಿ-1 ಅನ್ನುವ ಬಣ್ಣವಿದೆ. ಮೈಟೋಕಾಂಡ್ರಿಯಾದ ವೋಲ್ಟೇಜ್ ಚೆನ್ನಾಗಿದ್ದರೆ ಬಣ್ಣ ಅಲ್ಲಿ ಗುಂಪುಗೂಡಿ ಕೆಂಪಾಗಿರುತ್ತದೆ, ವೋಲ್ಟೇಜ್ ಬಿದ್ದರೆ ಹಸಿರಿಗೆ ತಿರುಗುತ್ತದೆ. ಆದರೆ ವೋಲ್ಟೇಜ್ ಬೀಳಲು ಸಾವೇ ಬೇಕಿಲ್ಲ. ಇದೊಂದನ್ನೇ ನಂಬಿ ತೀರ್ಪು ಕೊಡುವುದು ಸರಿಯಲ್ಲ.

ಈಗ ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದನ್ನು ಹೇಳುತ್ತೇನೆ. ಹೊಳೆದ ಕೋಶ ಬದುಕಿ ಬರಬಹುದು. ಸಾಯಿಸುವ ರಾಸಾಯನಿಕವನ್ನು ಸಮಯಕ್ಕೆ ಸರಿಯಾಗಿ ತೊಳೆದುಬಿಟ್ಟರೆ, ಕ್ಯಾಸ್ಪೇಸ್-3 ಚಾಲೂ ಆಗಿದ್ದ, ಕುಗ್ಗಿ ಗುಳ್ಳೆ ಎದ್ದಿದ್ದ ಕೋಶಗಳೂ ಚೇತರಿಸಿಕೊಂಡು ಮತ್ತೆ ವಿಭಜನೆಯಾಗುವುದನ್ನು ಡೆನಿಸ್ ಮಾಂಟೆಲ್ ಅವರ ತಂಡ 2012ರಲ್ಲಿ ವರದಿ ಮಾಡಿತು. ಇದಕ್ಕೆ ಅನಾಸ್ಟಾಸಿಸ್ ಅನ್ನುತ್ತಾರೆ. ಅಂಥ ಕೆಲವು ಕೋಶಗಳ ಡಿಎನ್ಎಯಲ್ಲಿ ಹಾನಿಯ ಗುರುತು ಉಳಿದಿತ್ತು. ಕಿಮೊಥೆರಪಿ ಕೊಟ್ಟು ನಿಲ್ಲಿಸಿದ ಮೇಲೆ ಏನಾಗುತ್ತದೆ ಅಂತ ಯೋಚಿಸುವವರಿಗೆ ಇದು ಸಣ್ಣ ವಿಷಯವಲ್ಲ.

ಇನ್ನೊಂದು ಕಡೆ, ಪಿಎಸ್ ಹೊರಗೆ ಬಂದ ಮಾತ್ರಕ್ಕೆ ಅದು ಅಪೊಪ್ಟೋಸಿಸ್ಸೇ ಆಗಬೇಕೆಂದಿಲ್ಲ. ಗಾಯವಾದಾಗ ರಕ್ತದ ಪ್ಲೇಟ್‌ಲೆಟ್‌ಗಳು ಹೆಪ್ಪುಗಟ್ಟಿಸಲು ಬೇಕೆಂದೇ ಪಿಎಸ್ ಹೊರಗೆ ಹಾಕುತ್ತವೆ. ನೆಕ್ರೋಪ್ಟೋಸಿಸ್, ಪೈರೋಪ್ಟೋಸಿಸ್ ಅನ್ನುವ ಬೇರೆ ಕಾರ್ಯಕ್ರಮದ ಸಾವುಗಳಲ್ಲೂ ಅನೆಕ್ಸಿನ್ ಅಂಟುತ್ತದೆ. ಬೇರ್ಪಡಿಸಲು ಒಂದು ಒಳ್ಳೆಯ ದಾರಿ ಕ್ಯಾಸ್ಪೇಸ್ ತಡೆಯುವ ಜಡ್-ವ್ಯಾಡ್ ಅನ್ನುವ ರಾಸಾಯನಿಕ. ಅದನ್ನು ಮೊದಲೇ ಹಾಕಿದಾಗ ಸಾವು ಕಡಿಮೆಯಾದರೆ ಕ್ಯಾಸ್ಪೇಸ್‌ಗೆ ಪಾತ್ರ ಇದೆ ಅಂತಾಯಿತು. ಕಡಿಮೆಯಾಗದಿದ್ದರೆ ಬೇರೆ ದಾರಿ ಹುಡುಕಬೇಕು.

ಎಂಟಿಟಿ ಪರೀಕ್ಷೆಯ ಬಗ್ಗೆ ಒಂದು ಮಾತು ಹೇಳಲೇಬೇಕು, ಹೆಚ್ಚಿನ ಪ್ರಾಜೆಕ್ಟ್‌ಗಳು ಅಲ್ಲೇ ನಿಲ್ಲುತ್ತವೆ. ಅದರಲ್ಲಿ ಹಳದಿ ವಸ್ತುವನ್ನು ಕೋಶ ತನ್ನ ಚಯಾಪಚಯದಿಂದ ನೇರಳೆ ಮಾಡುತ್ತದೆ. ನೇರಳೆ ಕಡಿಮೆಯಾದರೆ ಕೋಶ ಸತ್ತಿರಬಹುದು, ಸುಮ್ನೆ ನಿಧಾನವಾಗಿ ಬೆಳೆದಿರಬಹುದು, ದಣಿದಿರಬಹುದು. ಯಾವ ಪ್ರಮಾಣದಲ್ಲಿ ಮುಂದಿನ ಪ್ರಯೋಗ ಮಾಡಬೇಕು ಅಂತ ತಿಳಿಯಲು ಎಂಟಿಟಿ ಒಳ್ಳೆಯದು. ಅಪೊಪ್ಟೋಸಿಸ್ ಬಗ್ಗೆ ಅದು ಏನೂ ಹೇಳುವುದಿಲ್ಲ.

ಕೈಯಲ್ಲಿರುವ ದುಡ್ಡಿಗೆ ಎರಡೇ ಪ್ರಯೋಗ ಆಗುವುದಾದರೆ ಏನು ಆರಿಸಬೇಕು? ನಾನಾದರೆ ಅನೆಕ್ಸಿನ್-ಪಿಐ ಅನ್ನು ಮೂರು ಬೇರೆ ಸಮಯಗಳಲ್ಲಿ ಮಾಡುತ್ತೇನೆ, ತೇಲುವ ಕೋಶಗಳನ್ನೂ ಸೇರಿಸಿ. ಜೊತೆಗೆ ಕತ್ತರಿಸಿಕೊಂಡು ಚಾಲೂ ಆದ ಕ್ಯಾಸ್ಪೇಸ್-3 ಅನ್ನು ಗುರುತಿಸುವ ಆಂಟಿಬಾಡಿ ಹಾಕಿ, ಹೋಕ್ಸ್ಟ್ ಬಣ್ಣದಲ್ಲಿ ನ್ಯೂಕ್ಲಿಯಸ್ ನೀಲಿ ಮಾಡಿ, ಮೈಕ್ರೋಸ್ಕೋಪ್‌ನಲ್ಲಿ ಅದೇ ಕೋಶದ ಆಕಾರ ನೋಡುತ್ತೇನೆ. ಒಂದು ಪೊರೆಯ ಕಥೆ ಹೇಳುತ್ತದೆ, ಇನ್ನೊಂದು ಕಿಣ್ವ ಮತ್ತು ಡಿಎನ್ಎಯ ಕಥೆ. ಎರಡೂ ಹೊಂದಿದರೆ ವರದಿಯಲ್ಲಿ ಅಪೊಪ್ಟೋಸಿಸ್ ಅಂತ ಬರೆಯಬಹುದು. ಪಕ್ಕದ ಡಿಶ್‌ನಲ್ಲಿ ಕ್ಯಾನ್ಸರ್ ಅಲ್ಲದ ಮಾಮೂಲಿ ಕೋಶಗಳಿಗೂ ಅದೇ ಸಾರ, ಅದೇ ಪ್ರಮಾಣದಲ್ಲಿ ಹಾಕಿ. ಅವೂ ಅಷ್ಟೇ ಸತ್ತರೆ ಆ ಗಿಡ ಕ್ಯಾನ್ಸರ್ ಕೋಶವನ್ನು ಆರಿಸಿ ಕೊಂದಿಲ್ಲ. ಆ ಸಂಖ್ಯೆಯನ್ನೂ ಅದೇ ಪುಟದಲ್ಲಿ ಬರೆಯಿರಿ.